ಕೊನೆಯ ಆರ್ಡರಿನ ಸಣ್ಣ ಪೆಟ್ಟಿಗೆಗಳು

ಬೆಳಗಿನ ಟೀ ಹೊತ್ತಿಗೆ ಮ್ಯಾನೇಜರು ನಮ್ಮನ್ನೆಲ್ಲ ಮಷೀನಿನ ಹತ್ತಿರ ಕರೆದರು. ಅವರ ಕೈಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಹೊರದೇಶದಿಂದ ಬಂದ ಮಾದರಿ, ಇಂಥವನ್ನು ಮಾಡಿಕೊಡುವ ಆರ್ಡರ್ ಸಿಕ್ಕಿದೆ ಅಂದರು. ಅಂಗೈಯಲ್ಲಿ ಕೂರುವಷ್ಟು ಸಣ್ಣದು, ಮೂಲೆಗಳು ದುಂಡಗೆ. ಮುಚ್ಚಳ ಇಟ್ಟು ಕೈ ಬಿಟ್ಟರೆ ಒಳಗಿನ ಗಾಳಿ ಹೊರಗೆ ಹೋಗುತ್ತಾ ಹೋಗುತ್ತಾ ನಿಧಾನವಾಗಿ ತಾನೇ ಇಳಿದು ಕೂರುತ್ತಿತ್ತು. ಕೈಗಡಿಯಾರ ಇಟ್ಟು ಮಾರುವುದಕ್ಕಂತೆ. ಅದನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ನೋಡುತ್ತಿರುವಾಗಲೇ ಅವರು ಎರಡನೇ ವಿಷಯ ಹೇಳಿದರು.

“ಇದು ಮುಗಿದ ಮೇಲೆ ಮರದ ಸೆಕ್ಷನ್ ಇರಲ್ಲ. ಹೆಡ್ ಆಫೀಸಿನವರು ತೀರ್ಮಾನ ಮಾಡಿಬಿಟ್ಟಿದ್ದಾರೆ. ಮಷೀನೂ ಮಾರ್ತಾರೆ. ಈ ಆರ್ಡರ್ ಇರೋವರೆಗೂ ನೀವೆಲ್ಲ ಇರ್ತೀರ.”

ಟೀ ಕುಡಿದು ಮುಗಿಸಿದೆವು. ಮರ ಉಜ್ಜಿ ನಯ ಮಾಡುವ ಮೇಜಿನ ಹೆಂಗಸರಿಗೆಲ್ಲ ಹಿರಿಯರು, ನಾವೆಲ್ಲ ಅಕ್ಕ ಅನ್ನುತ್ತಿದ್ದವರು ಮಾತ್ರ ಪೆಟ್ಟಿಗೆಯನ್ನು ಮತ್ತೊಮ್ಮೆ ತೆರೆದು ಒಳಗಿನ ಮೂಲೆಗೆ ಬೆರಳು ಹಾಕಿ ನೋಡಿದರು. “ಇಲ್ಲಿ ಕೈ ಹೋಗಲ್ಲ. ಸ್ಯಾಂಡ್ ಪೇಪರ್‌ನ ಬೆರಳಿಗೇ ಸುತ್ಕೊಂಡು ಉಜ್ಜಬೇಕು” ಅಂದರು. ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಮ್ಮ ಕಾರ್ಖಾನೆ ಇದ್ದದ್ದು ದಾಬಸ್‌ಪೇಟೆಯ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಆಫೀಸಿನ ಮೇಜು, ಬಾಗಿಲು, ಕಿಟಕಿ ಚೌಕಟ್ಟು ಮಾಡುತ್ತಿದ್ದೆವು. ನಾನು ದೊಡ್ಡಬಳ್ಳಾಪುರದಲ್ಲಿ ಬಾಡಿಗೆಗಿದ್ದು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನನ್ನದು ಕಂಪ್ಯೂಟರಿನಿಂದ ನಡೆಯುವ, ತಿರುಗುವ ಬ್ಲೇಡಿನಿಂದ ಮರ ಕೊರೆಯುವ ರೂಟರ್ ಮಷೀನು. ಇಟಲಿಯಲ್ಲಿ ಯಾರೋ ಬಳಸಿ ಬಿಟ್ಟದ್ದು, ಹಡಗಿನಲ್ಲಿ ಬಂದದ್ದು. ಅದರ ಮೇಲೆ ಇಬ್ಬರು ಆಪರೇಟರುಗಳು, ನಾನು ಮತ್ತು ನನ್ನ ಜೊತೆಗಾರ. ಜೊತೆಗಾರನ ಮನೆ ದಾಬಸ್‌ಪೇಟೆಯಲ್ಲೇ, ಕಾರ್ಖಾನೆಗೆ ನಡೆದು ಬರುವಷ್ಟು ಹತ್ತಿರ. ನಾನು ಪ್ರೋಗ್ರಾಂ ಬರೆಯುತ್ತಿದ್ದೆ, ಅವನು ಮರ ಹೂಡಿ ಓಡಿಸುತ್ತಿದ್ದ. ಬೇಕಾದಾಗ ಅದಲು ಬದಲು.

ಆ ಮಷೀನಿನಲ್ಲಿ ಮರವನ್ನು ಹಿಡಿದಿಡಲು ಕ್ಲಾಂಪ್ ಇರಲಿಲ್ಲ. ಮೇಜಿನ ತುಂಬಾ ಗೆರೆ ಗೆರೆಯಾಗಿ ಕಾಲುವೆಗಳು, ನಡುನಡುವೆ ತೂತುಗಳು. ಕೆಳಗೊಂದು ಪಂಪು. ಮೇಜಿನ ಮೇಲೆ ಹಲಗೆ ಇಟ್ಟು ಪಂಪು ಹಾಕಿದರೆ ಅಡಿಯ ಗಾಳಿಯನ್ನೆಲ್ಲ ಅದು ಎಳೆದುಬಿಡುತ್ತದೆ. ಆಗ ಮೇಲಿನ ಗಾಳಿಯ ಭಾರವೇ ಹಲಗೆಯನ್ನು ಒತ್ತಿ ಹಿಡಿಯುತ್ತದೆ. ಬಾಗಿಲಿನ ಹಲಗೆಯನ್ನು ಹಾಗೆ ಹಿಡಿಸಿದರೆ ನಾವಿಬ್ಬರೂ ಸೇರಿ ನೂಕಿದರೂ ಅಲುಗುತ್ತಿರಲಿಲ್ಲ. ಕ್ಲಾಂಪ್ ಇಲ್ಲದ್ದರಿಂದ ಬ್ಲೇಡು ಎಲ್ಲಿ ಬೇಕಾದರೂ ಓಡಾಡಬಹುದಿತ್ತು. ಮೇಜಿಗೂ ಮರಕ್ಕೂ ನಡುವೆ ಮರದ ಹುಡಿ ಒತ್ತಿ ಮಾಡಿದ ಒಂದು ಎಂಡಿಎಫ್ ಹಲಗೆ ಹಾಸುತ್ತಿದ್ದೆವು. ಅದರೊಳಗಿಂದ ಗಾಳಿ ಹಾಯುತ್ತದೆ, ಬ್ಲೇಡು ತಗುಲಿದರೆ ಪೆಟ್ಟೂ ಅದಕ್ಕೇ ಬೀಳುತ್ತದೆ. ನಾವು ಅದನ್ನು ಬಲಿ ಹಲಗೆ ಅನ್ನುತ್ತಿದ್ದೆವು.

ಆ ಸಂಜೆ ಮನೆಗೆ ಹೋಗಿ ಹೆಂಡತಿಗೆ ವಿಷಯ ಹೇಳಿದೆ. ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿ, ಸ್ವಲ್ಪ ಹೊತ್ತು ಇಕ್ಕಳ ಕೈಯಲ್ಲೇ ಹಿಡಿದು ನಿಂತಿದ್ದಳು.

“ಇನ್ನೆಷ್ಟು ದಿನ ರೀ?”

“ಪೆಟ್ಟಿಗೆ ಮುಗಿಯೋವರೆಗೂ.”

“ಬೇಗ ಮುಗಿಯುತ್ತಾ?”

ಊಟಕ್ಕೆ ಕೂತೆ. ಬೀದಿಯ ಮಗ್ಗಗಳ ಸದ್ದು ಎಂದಿನಂತೆ ಗೋಡೆಯೊಳಗಿಂದ ಬರುತ್ತಿತ್ತು. ನನಗೆ ಭಯವಾಗಬೇಕಿತ್ತು, ಸಿಟ್ಟಾದರೂ ಬರಬೇಕಿತ್ತು. ಯಾವುದೂ ಬರಲಿಲ್ಲ. ತುಂಬಾ ಹೊತ್ತು ಮಡಿಸಿ ಕೂತ ಕಾಲು ಇರುತ್ತದಲ್ಲ, ನಮ್ಮದೇ ಆದರೂ ನಮ್ಮದಲ್ಲ ಅನ್ನಿಸುವುದು, ಹಾಗೆ ಇಡೀ ಮೈ ಮರಗಟ್ಟಿತ್ತು.

ಮರುದಿನದಿಂದ ಕೆಲಸ ಶುರು. ಉದ್ದ ಹಲಗೆ ಕೊಟ್ಟಿದ್ದರೆ ಸುಲಭವಿತ್ತು. ಒಂದೇ ಹಲಗೆಯಲ್ಲಿ ಸಾಲಾಗಿ ಪೆಟ್ಟಿಗೆಗಳನ್ನು ಕೊರೆದು, ಅಡಿಯಲ್ಲಿ ಕಾಗದದಷ್ಟು ತೆಳು ಪದರ ಉಳಿಸಿ, ಕೊನೆಗೆ ಚಾಕುವಿನಿಂದ ಬಿಡಿಸಬಹುದಿತ್ತು. ಆದರೆ ಸೆಕ್ಷನ್ ಮುಚ್ಚುವ ಮೊದಲು ಇದ್ದ ಮರವನ್ನೆಲ್ಲ ಖಾಲಿ ಮಾಡಬೇಕೆಂದು ಹೆಡ್ ಆಫೀಸಿನ ಅಪ್ಪಣೆ. ಹಾಗಾಗಿ ನಮಗೆ ಬಂದದ್ದು ಬಾಗಿಲು ಚೌಕಟ್ಟು ಕೊಯ್ದು ಉಳಿದಿದ್ದ ತೇಗದ ತುಂಡುಗಳು. ಒಂದು ತುಂಡಿಗೆ ಒಂದೇ ಪೆಟ್ಟಿಗೆ. ಒಂದೊಂದು ತುಂಡು ಒಂದೊಂದು ಅಳತೆ. ಕೆಲವು ಸ್ವಲ್ಪ ಡೊಂಕು, ಕೆಲವಕ್ಕೆ ಗಂಟು.

ಮೊದಲನೇ ತುಂಡನ್ನು ಬಲಿ ಹಲಗೆಯ ಮೇಲಿಟ್ಟು ಪಂಪು ಹಾಕಿದೆ. ಕೈಯಿಂದ ತಳ್ಳಿ ನೋಡಿದೆ. ಸುಲಭವಾಗಿ ಜರುಗಿತು. ಗಾಳಿಯ ಹಿಡಿತ ಮರದ ಅಗಲಕ್ಕೆ ತಕ್ಕಷ್ಟೇ. ಬಾಗಿಲಿನ ಹಲಗೆಗೆ ಸಿಗುವ ಬಲ ಅಂಗೈಯಷ್ಟು ತುಂಡಿಗೆ ಸಿಗುವುದಿಲ್ಲ. ಸಾಲದ್ದಕ್ಕೆ ತುಂಡಿನ ಸುತ್ತ ಖಾಲಿ ಉಳಿದ ಹಲಗೆಯ ಮೂಲಕ ಗಾಳಿ ಒಳಗೆ ಸೋರಿಹೋಗುತ್ತಿತ್ತು. ಖಾಲಿ ಜಾಗಕ್ಕೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪು ಅಂಟಿಸಿದೆವು. ಬಲಿ ಹಲಗೆಯ ಅಂಚುಗಳಿಗೆ ವಾರ್ನಿಷ್ ಬಳಿದೆವು. ಪಂಪಿನ ಸೆಳೆತ ತೋರಿಸುವ ಗೇಜಿನ ಮುಳ್ಳು ಸ್ವಲ್ಪ ಏರಿತು. ತುಂಡು ಈಗ ಕೈಗೆ ಜರುಗುತ್ತಿರಲಿಲ್ಲ. ಬ್ಲೇಡಿಗೆ ಜರುಗುತ್ತಿತ್ತು. ಒಳಗಿನ ಗುಳಿ ತೋಡುವವರೆಗೂ ಸುಮ್ಮನಿರುತ್ತಿದ್ದ ತುಂಡು, ಹೊರ ಅಂಚು ಕತ್ತರಿಸಲು ಹೋದ ಕೂಡಲೇ ಕೂದಲೆಳೆಯಷ್ಟು ತಿರುಗಿಬಿಡುತ್ತಿತ್ತು. ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅಂಥದ್ದನ್ನೆಲ್ಲ ಬುಟ್ಟಿಗೆ ಹಾಕುತ್ತಾ ಹೋದೆವು.

ಹೊರ ಅಂಚನ್ನು ಒಂದೇ ಸಲ ಆಳವಾಗಿ ಕತ್ತರಿಸುವ ಬದಲು ತೆಳುತೆಳುವಾಗಿ ಹಲವು ಸುತ್ತು ಹಾಕುವ ಹಾಗೆ ಪ್ರೋಗ್ರಾಂ ಬದಲಿಸಿದೆ. ಬ್ಲೇಡಿನ ಓಟ ನಿಧಾನ ಮಾಡಿದೆ. ಆಗ ಪೆಟ್ಟಿಗೆ ಸರಿ ಬಂತು. ಆದರೆ ಒಂದು ಪೆಟ್ಟಿಗೆಗೆ ಹಿಡಿಯುವ ಹೊತ್ತಿನಲ್ಲಿ ಮೊದಲಾದರೆ ಒಂದು ಬಾಗಿಲು ಮುಗಿಸಿಬಿಡುತ್ತಿದ್ದೆವು.

ಜೊತೆಗಾರನಿಗೆ ಅದೇ ಬೇಕಿತ್ತು. ಊಟದ ಹೊತ್ತಿನಲ್ಲಿ ಹೊರಗೆ ಹೊಂಗೆ ಮರದ ಕೆಳಗೆ ಕೂತಾಗ ಹೇಳಿದ: “ಹಿಂಗೇ ಇರ್ಲಿ ಬಿಡೋ ಗುರು. ನಿಧಾನಕ್ಕೆ ಹೋಗ್ಲಿ. ಯಾರು ಓಡುಸ್ಕೊಂಡ್ ಬರ್ತಾವ್ರೆ? ಮುಗ್ಸಿ ನಾವೇನ್ ಮಾಡದು?”

“ಸರಿ” ಅಂದೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಬೇಗ ಮುಗಿಸಿದಷ್ಟೂ ಬೇಗ ನಮ್ಮ ಕೆಲಸ ಹೋಗುತ್ತದೆ. ಉಜ್ಜುವ ಮೇಜಿನ ಹೆಂಗಸರಿಗೂ ಇದು ಗೊತ್ತಿತ್ತು. ಬೆಳಿಗ್ಗೆ ಬಂದವರು ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಕೂತು, ನಾವು ಕೊಟ್ಟಷ್ಟನ್ನು ಉಜ್ಜುತ್ತಿದ್ದರು. ಬೇಗ ಕೊಡಿ ಅಂತ ಯಾರೂ ಕೇಳುತ್ತಿರಲಿಲ್ಲ. ಮ್ಯಾನೇಜರು ಮಾತ್ರ ದಿನಕ್ಕೊಂದು ಸಲ ಬಂದು ಬುಟ್ಟಿ ನೋಡಿ “ಇಷ್ಟೇನಾ?” ಅನ್ನುತ್ತಿದ್ದರು. ಹಿಡಿತ ಸಾಲುತ್ತಿಲ್ಲ ಸಾರ್ ಅನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

ಹಾಗೆ ಕೆಲವು ವಾರ ಹೋಯಿತು. ಏನು ಮಾಡಿದೆ ಅಂತ ಕೇಳಿದರೆ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ವ್ಯತ್ಯಾಸ ಹೇಳಲಾರೆ. ತುಂಡು ಇಡುವುದು, ಪಂಪು ಹಾಕುವುದು, ಮುಳ್ಳು ಏರುವುದನ್ನು ನೋಡುವುದು, ಗುಂಡಿ ಒತ್ತುವುದು. ತೇಗದ ಹುಡಿ ಮೂಗಿನಲ್ಲಿ, ಕಿವಿಯಲ್ಲಿ. ಸಂಜೆ ಬಸ್ಸಿನಲ್ಲಿ ಕೂತರೆ ಎಷ್ಟೋ ಸಲ ಇಳಿಯುವ ಜಾಗ ಬಂದದ್ದು ಕಂಡಕ್ಟರು ಹೇಳಿದ ಮೇಲೆಯೇ ಗೊತ್ತಾಗುತ್ತಿತ್ತು.

ನಮ್ಮ ಕಡೆ ಕರೆಂಟು ಹೋಗುವುದು ಹೊಸದೇನಲ್ಲ. ದೊಡ್ಡ ಹಲಗೆ ಮಾಡುವಾಗ ಅದರಿಂದ ತೊಂದರೆಯೂ ಆಗುತ್ತಿರಲಿಲ್ಲ. ಕರೆಂಟು ಹೋದರೆ ಪಂಪು ನಿಂತು ಹಿಡಿತ ಬಿಡುತ್ತಿತ್ತು. ಆದರೆ ಹಲಗೆಯ ಸ್ವಂತ ಭಾರವೇ ಅದನ್ನು ಅಲ್ಲೇ ಕೂರಿಸುತ್ತಿತ್ತು. ಬ್ಲೇಡು ಮಾತ್ರ ಕೂಡಲೇ ನಿಲ್ಲುವುದಿಲ್ಲ. ಫ್ಯಾನು ಆಫ್ ಮಾಡಿದರೂ ತಿರುಗುತ್ತಾ ಹೋಗುವ ಹಾಗೆ ಅದು ಎಷ್ಟೋ ಹೊತ್ತು ತಿರುಗುತ್ತಲೇ ಇರುತ್ತದೆ.

ಆ ದಿನ ಜೊತೆಗಾರ ಮಷೀನಿನ ಹತ್ತಿರ ಇದ್ದ. ನಾನು ಪಕ್ಕದಲ್ಲಿ ಮುಚ್ಚಳದ ಪ್ರೋಗ್ರಾಂ ಟೈಪ್ ಮಾಡುತ್ತಿದ್ದೆ. ಬ್ಲೇಡು ಒಂದು ಪೆಟ್ಟಿಗೆಯ ಹೊರ ಅಂಚಿನಲ್ಲಿತ್ತು. ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಪಂಪಿನ ಗುಂಯ್ ಅನ್ನುವ ಸದ್ದು ಇಳಿಯಿತು. ಆಮೇಲೆ ಟಪ್ ಅಂತ ಒಂದು ಸದ್ದು, ಯಾರೋ ತೆಂಗಿನಕಾಯಿ ಒಡೆದ ಹಾಗೆ. ತಿರುಗಿ ನೋಡುವಷ್ಟರಲ್ಲಿ ಅವನು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದ. ಬೆರಳ ಸಂದಿಯಿಂದ ರಕ್ತ ಮೊಣಕೈವರೆಗೂ ಇಳಿಯುತ್ತಿತ್ತು. ಹಿಡಿತ ತಪ್ಪಿದ ಪೆಟ್ಟಿಗೆಯನ್ನು ತಿರುಗುತ್ತಿದ್ದ ಬ್ಲೇಡು ಎತ್ತಿ ಎಸೆದಿತ್ತು.

ಅಕ್ಕ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಓಡಿ ಬಂದರು. “ಕೈ ತೆಗಿ, ಕೈ ತೆಗಿಯಪ್ಪ, ನೋಡಾನ” ಅನ್ನುತ್ತಾ ಅವನ ಕೈ ಬಿಡಿಸಿದರು. ಪೆಟ್ಟು ಬಿದ್ದದ್ದು ಹುಬ್ಬಿನ ಮೇಲೆ. ಹುಬ್ಬು ಸೀಳಿ ಒಳಗಿನ ಬಿಳಿ ಕಾಣುತ್ತಿತ್ತು. ಕಣ್ಣು ಉಳಿದಿತ್ತು. ಮ್ಯಾನೇಜರ ಕಾರಿನಲ್ಲಿ ನೆಲಮಂಗಲದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಹೊಲಿಗೆ ಹಾಕುವಾಗ ಅವನು ನನ್ನ ಮಣಿಕಟ್ಟು ಹಿಡಿದಿದ್ದ. ಬಿಗಿಯಾಗಿಯೇ ಹಿಡಿದಿರಬೇಕು, ಮಾರನೇ ದಿನ ಅಲ್ಲಿ ನೀಲಿ ಗುರುತು ಇತ್ತು. ಹಿಡಿದದ್ದು ಮಾತ್ರ ನನಗೆ ಗೊತ್ತೇ ಆಗಿರಲಿಲ್ಲ. ಡಾಕ್ಟರು ಕೈ ತೊಳೆಯುತ್ತಾ, “ಒಂದು ಬೆರಳಗಲ ಕೆಳಗೆ ಬಿದ್ದಿದ್ರೆ ಕಣ್ಣು ಹೋಗ್ತಿತ್ತು” ಅಂದರು. ನಾನು ತಲೆಯಾಡಿಸಿದೆ.

ವಾಪಸು ಬಂದಾಗ ಯಾರೋ ನೆಲ ಒರೆಸಿದ್ದರು. ಆ ಪೆಟ್ಟಿಗೆ ಗೋಡೆಯ ಪಕ್ಕ ಬಿದ್ದಿತ್ತು. ಒಂದು ಮೂಲೆ ಸೀಳಿತ್ತು, ಉಳಿದಂತೆ ಚೆನ್ನಾಗಿಯೇ ಬಂದಿತ್ತು. ಅದನ್ನು ಬುಟ್ಟಿಗೆ ಹಾಕಿ ಮಷೀನಿನ ಮುಂದೆ ನಿಂತೆ. ಇನ್ನು ಈ ಮಷೀನನ್ನು ಹೀಗೆ ಓಡಿಸುವುದಿಲ್ಲ ಅನ್ನುವುದು ಅಲ್ಲೇ ತೀರ್ಮಾನವಾಯಿತು. ಅದಕ್ಕಾಗಿ ಯೋಚನೆಯನ್ನೂ ಮಾಡಲಿಲ್ಲ, ಆವೇಶವೂ ಇರಲಿಲ್ಲ.

ಮ್ಯಾನೇಜರ ರೂಮಿಗೆ ಹೋದೆ. “ಸಾರ್, ಮಷೀನ್ ನಿಲ್ಲಿಸ್ತೀನಿ. ಸಣ್ಣ ತುಂಡಿಗೇ ಅಂತ ಬೇರೆ ಹಿಡಿತ ಮಾಡ್ಬೇಕು. ಕರೆಂಟ್ ಹೋದ್ರೂ ಹಿಡಿತ ಬಿಡದ ಹಾಗೆ ಒಂದು ಟ್ಯಾಂಕ್ ಕೂರಿಸ್ಬೇಕು.”

“ಎಷ್ಟು ದಿನ ನಿಲ್ಲುತ್ತಪ್ಪ?”

“ಆಗೋವರೆಗೂ ಸಾರ್.”

“ಮುಚ್ಚೋ ಸೆಕ್ಷನ್‌ಗೆ ಹೊಸ ಸಾಮಾನು ತರ್ತೀನಿ ಅಂದ್ರೆ ಮೇಲಿನವರಿಗೆ ನಾನು ಏನು ಹೇಳ್ಲಿ?”

“ಹೊಸದು ಬೇಡ ಸಾರ್. ಆದ್ರೆ ಅದು ಆಗೋವರೆಗೂ ನಾನು ಮಷೀನ್ ಮುಟ್ಟಲ್ಲ. ಬೇರೆಯವರು ಮುಟ್ಟೋಕೂ ಬಿಡಲ್ಲ.”

ಅವರು ನನ್ನ ಮುಖ ನೋಡಿದರು. ನಾನು ಜಗಳಕ್ಕೆ ಬಂದಿದ್ದೇನೆಯೇ ಅಂತ ಹುಡುಕುತ್ತಿದ್ದರು ಅನ್ನಿಸುತ್ತದೆ. ನನ್ನ ಮುಖದಲ್ಲಿ ಏನೂ ಇರಲಿಲ್ಲ. “ಏನಾದ್ರೂ ಮಾಡ್ಕೋ ಹೋಗು” ಅಂದರು.

ಮೂರನೇ ದಿನಕ್ಕೇ ಜೊತೆಗಾರ ಬಂದುಬಿಟ್ಟ. ಹುಬ್ಬಿನ ಮೇಲೆ ಪಟ್ಟಿ, ಕಣ್ಣು ಊದಿಕೊಂಡು ಅರ್ಧ ಮುಚ್ಚಿತ್ತು. ನಾನು ಮೇಜಿನ ಮೇಲೆ ಹರಡಿದ್ದನ್ನೆಲ್ಲ ನೋಡಿದ: ಕರೆಂಟಿನ ಬೋರ್ಡಿಗೆ ಹಾಕುವ ಬೇಕಲೈಟಿನ ಒಂದು ದಪ್ಪ ಹಾಳೆ, ಸ್ಕೇಲು, ಕೊರೆಯುವ ಸಣ್ಣ ಬ್ಲೇಡು, ಸೈಕಲ್ ಅಂಗಡಿಯಿಂದ ತಂದ ವಾಲ್ವ್ ಟ್ಯೂಬಿನ ಸುರುಳಿ.

“ಏನ್ ಮಾಡ್ತಿದೀಯ?”

ಹೇಳಿದೆ. ಎಂಡಿಎಫ್ ಗಾಳಿ ಸೋರುತ್ತದೆ, ಬೇಕಲೈಟು ಸೋರುವುದಿಲ್ಲ. ಅದರ ಮೇಲೆ ಒಂದೊಂದು ಪೆಟ್ಟಿಗೆಗೂ ಒಂದೊಂದು ಮನೆ. ಮನೆಯ ಸುತ್ತ ತೆಳು ಕಾಲುವೆ, ಕಾಲುವೆಯೊಳಗೆ ರಬ್ಬರ್ ಟ್ಯೂಬು, ನಡುವೆ ಗಾಳಿ ಎಳೆಯುವ ತೂತು. ತುಂಡನ್ನು ಇಟ್ಟ ಕೂಡಲೇ ರಬ್ಬರು ಅದುಮಿ ಸೋರಿಕೆ ಮುಚ್ಚುತ್ತದೆ. ಒಂದು ಸಾಲಿನಲ್ಲಿ ಹಲವು ಮನೆ ಮಾಡಿದರೆ ಒಂದೇ ಓಟದಲ್ಲಿ ಹಲವು ಪೆಟ್ಟಿಗೆ.

ಅವನು ಬೇಕಲೈಟಿನ ಹಾಳೆಯನ್ನು ಎತ್ತಿ ನೋಡಿದ. ಆಮೇಲೆ ಕೇಳಿದ: “ಇದು ಸರಿಯಾಯ್ತು ಅಂತಿಟ್ಕೋ. ತಿಂಗಳುಗಟ್ಲೆ ಇರೋ ಕೆಲ್ಸ ವಾರದಲ್ಲಿ ಮುಗ್ದೋಗುತ್ತೆ. ಗೊತ್ತಾ ನಿಂಗೆ?”

“ಗೊತ್ತು.”

“ಆಮೇಲೆ?”

“ಆಮೇಲೆ ಗೊತ್ತಿಲ್ಲ.”

“ನನ್ ಕಣ್ಣಿಗೋಸ್ಕರ ಮಾಡ್ತಿದ್ರೆ ಬೇಡ ಕಣೋ. ನಾನು ದೂರ ನಿಂತ್ಕೋತೀನಿ.”

ಅಕ್ಕ ಅಲ್ಲೇ ಹಿಂದೆ ಪೆಟ್ಟಿಗೆ ಉಜ್ಜುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು: “ನೀನು ದೂರ ನಿಂತ್ಕೊಂಡ್ರೆ ಅದು ಇಲ್ಲಿಗೆ ಬರುತ್ತೆ. ಇಲ್ಲಿ ನಾವು ಐದು ಜನ ಕೂತಿದೀವಿ.”

ಅವನು ತಿರುಗಿ ನೋಡಿದ. ಮಷೀನಿಗೂ ಉಜ್ಜುವ ಮೇಜಿಗೂ ನಡುವೆ ಏನೂ ಇರಲಿಲ್ಲ. ಅವನು ಅಂಗಿಯ ತೋಳು ಮಡಿಸಿಕೊಂಡು ಟ್ಯೂಬಿನ ಸುರುಳಿ ಬಿಚ್ಚಲು ಕೂತ.

ಮೊದಲನೇ ಫಿಕ್ಸ್ಚರು, ಅಂದರೆ ಮನೆ ಕೊರೆದ ಆ ಹಾಳೆ, ಚೆನ್ನಾಗಿ ಹಿಡಿಯಿತು. ಅವನು ಒಂದು ತುಂಡನ್ನು ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿದ, ಜರುಗಲಿಲ್ಲ. ಪೆಟ್ಟಿಗೆ ಕತ್ತರಿಸಿ ತೆಗೆದೆವು. ಹೊರ ಅಳತೆ ಸರಿ, ಗೋಡೆ ಸಮ. ಆದರೆ ಒಳಗಿನ ತಳದಲ್ಲಿ ನಡುವೆ ಉಬ್ಬು. ಗಡಿಯಾರ ಇಟ್ಟರೆ ಆಡುವಷ್ಟು. ಇನ್ನೊಂದು ಮಾಡಿದೆವು, ಅದರಲ್ಲೂ ಉಬ್ಬು. ಬ್ಲೇಡು ಮೊಂಡಾಗಿದೆಯೇ ಅಂತ ಬದಲಿಸಿದೆವು. ಮೇಜಿನ ಮಟ್ಟ ನೋಡಿದೆವು. ಪ್ರೋಗ್ರಾಮಿನ ಸಾಲು ಸಾಲು ಓದಿದೆ. ಎರಡು ದಿನ ಅದರಲ್ಲೇ ಹೋಯಿತು.

ಕೊನೆಗೆ ಅರ್ಥವಾದದ್ದು ಇಷ್ಟು. ಗುಳಿ ತೋಡುತ್ತಾ ಹೋದಂತೆ ತಳ ತೆಳ್ಳಗಾಗುತ್ತದೆ. ತಳದ ಅಡಿಯಲ್ಲಿ ನಾನು ತೋಡಿದ್ದ ಮನೆ ಪೂರ್ತಿ ಪೊಳ್ಳು. ಗಾಳಿಯ ಸೆಳೆತಕ್ಕೆ ತೆಳು ತಳ ಆ ಪೊಳ್ಳಿನೊಳಕ್ಕೆ ಬಾಗುತ್ತಿತ್ತು. ಬಾಗಿದ್ದಾಗ ಬ್ಲೇಡು ಅದನ್ನು ಮಟ್ಟಸವಾಗಿ ಕೆರೆಯುತ್ತಿತ್ತು. ಪಂಪು ಆರಿಸಿದ ಕೂಡಲೇ ಅದು ಮತ್ತೆ ನೆಟ್ಟಗಾಗಿ ನಡುವೆ ಉಬ್ಬುತ್ತಿತ್ತು. ಹಿಡಿತ ಸಾಲದು ಅಂತ ಇಷ್ಟು ದಿನ ಒದ್ದಾಡಿದ್ದೆವು, ಈಗ ಹಿಡಿತವೇ ಪೆಟ್ಟಿಗೆಯನ್ನು ಕೆಡಿಸುತ್ತಿತ್ತು.

ಹೊಸ ಹಾಳೆ ಇರಲಿಲ್ಲ. ಅದೇ ಹಾಳೆಯನ್ನು ಮಗುಚಿ ಹಿಂದಿನ ಮೈಯಲ್ಲಿ ಮತ್ತೆ ಮನೆಗಳನ್ನು ತೋಡಿದೆವು. ಈ ಸಲ ಒಳಗನ್ನು ಪೊಳ್ಳು ಮಾಡಲಿಲ್ಲ. ಚೌಕಾಬಾರದ ಮಣೆಯ ಹಾಗೆ ಸಣ್ಣ ಸಣ್ಣ ಚೌಕಗಳನ್ನು ಎತ್ತರಕ್ಕೇ ಉಳಿಸಿ, ಅವುಗಳ ನಡುವೆ ಗಾಳಿ ಓಡುವಷ್ಟೇ ತೆಳು ಗೆರೆ ಕೊರೆದೆವು. ತಳ ಈಗ ಆ ಚೌಕಗಳ ಮೇಲೆ ಕೂರುತ್ತಿತ್ತು, ಬಾಗಲು ಜಾಗವಿರಲಿಲ್ಲ. ಮೊದಲ ಪೆಟ್ಟಿಗೆ ತೆಗೆದು ಜೊತೆಗಾರ ತನ್ನ ಕೈಗಡಿಯಾರ ಬಿಚ್ಚಿ ಒಳಗಿಟ್ಟು ಅಲ್ಲಾಡಿಸಿದ. ಸದ್ದಿಲ್ಲ. “ಕೂತ್ಕೊಳ್ತು” ಅಂದ. ಮುಚ್ಚಳಕ್ಕೂ ಅದೇ ತರಹದ ಇನ್ನೊಂದು ಫಿಕ್ಸ್ಚರು ಮಾಡಿದೆವು. ಮುಚ್ಚಳದ ತುಟಿ ತುಸು ಬಿಗಿಯಾದರೆ ಕೂರುವುದಿಲ್ಲ, ಸಡಿಲವಾದರೆ ಬಿದ್ದೇಹೋಗುತ್ತದೆ. ಅದನ್ನು ಸರಿ ಮಾಡಲು ಇನ್ನಷ್ಟು ತೇಗ ಬುಟ್ಟಿ ಸೇರಿತು.

ಟ್ಯಾಂಕು ಸಿಕ್ಕಿದ್ದು ಗುಜರಿಯಲ್ಲಿ. ಪಂಕ್ಚರ್ ಅಂಗಡಿಯವರು ಬಿಸಾಕಿದ್ದ ಕಂಪ್ರೆಸರಿನದು. ಮೋಟರು ಸುಟ್ಟಿತ್ತು, ಟ್ಯಾಂಕು ಗಟ್ಟಿಯಾಗಿತ್ತು. ತೊಳೆದು, ಪಂಪಿಗೂ ಮೇಜಿಗೂ ನಡುವೆ ಕೂರಿಸಿ, ಪಂಪಿನ ಕಡೆಗೆ ಒಂದು ವಾಲ್ವ್ ಹಾಕಿದೆವು, ಗಾಳಿ ಹಿಂದಕ್ಕೆ ನುಗ್ಗದ ಹಾಗೆ. ಪಂಪು ನಿಂತರೂ ಟ್ಯಾಂಕಿನ ಸೆಳೆತ ಕೊಂಚ ಹೊತ್ತು ಉಳಿಯಬೇಕು. ಬ್ಲೇಡು ನಿಲ್ಲುವವರೆಗೂ ಉಳಿದರೆ ಸಾಕು. ಉಜ್ಜುವ ಮೇಜಿಗೆ ಅಡ್ಡವಾಗಿ ಹಳೆ ಬಾಗಿಲಿನ ಹಲಗೆಗಳನ್ನು ನಿಲ್ಲಿಸಿದೆವು.

ಪರೀಕ್ಷೆ ಮಾಡಬೇಕಿತ್ತು. ಕರೆಂಟು ತಾನಾಗಿ ಹೋಗಲಿ ಅಂತ ಕಾಯುವಂತಿರಲಿಲ್ಲ. ಹೆಂಗಸರನ್ನೆಲ್ಲ ಹೊರಗೆ ಕಳಿಸಿದೆವು. ಬ್ಲೇಡು ಹೊರ ಅಂಚಿನಲ್ಲಿರುವಾಗ ಮೇನ್ ಸ್ವಿಚ್ಚು ಇಳಿಸುವುದು ಅಂತಾಯಿತು. ಜೊತೆಗಾರ ಸ್ವಿಚ್ಚಿನ ಹತ್ತಿರ ಹೋದ. ನಾನು ಹಲಗೆಯ ಮರೆಯಿಂದ ಗೇಜು ನೋಡುತ್ತಾ ನಿಂತೆ.

“ಇಳಿಸ್ಲಾ?”

“ಇಳಿಸು.”

ಸದ್ದು ಇಳಿಯಿತು. ಬ್ಲೇಡು ತುಂಡಿಗೆ ಉಜ್ಜುತ್ತಾ ತಿರುಗುತ್ತಿತ್ತು, ಸುಟ್ಟ ತೇಗದ ವಾಸನೆ ಬಂತು. ಮುಳ್ಳು ಇಳಿಯುತ್ತಿತ್ತು, ಆದರೆ ತೂಕಡಿಸುವವರ ತಲೆಯ ಹಾಗೆ ನಿಧಾನಕ್ಕೆ. ಬ್ಲೇಡು ಪೂರ್ತಿ ನಿಂತಾಗಲೂ ಅದು ಅರ್ಧದ ಮೇಲೇ ಇತ್ತು. ಹೋಗಿ ಪೆಟ್ಟಿಗೆಯನ್ನು ಹಿಡಿದೆಳೆದೆ. ಬರಲಿಲ್ಲ. ಜೊತೆಗಾರ ಸ್ವಿಚ್ಚಿನ ಹತ್ತಿರದಿಂದಲೇ ಕೂಗಿದ, “ಏನಾಯ್ತೋ?” ನಾನು ಕೈ ಎತ್ತಿ ತೋರಿಸಿದೆ. ಅವನು ಸಿಳ್ಳೆ ಹಾಕಿದ. ನನಗೂ ಖುಷಿಯಾಗಬೇಕಿತ್ತು. ಹುಡಿ ಗುಡಿಸಿ ಮುಂದಿನ ತುಂಡುಗಳನ್ನು ಜೋಡಿಸಿದೆ.

ಆಮೇಲೆ ಅವನು ಹೇಳಿದ ಹಾಗೇ ಆಯಿತು. ಪೆಟ್ಟಿಗೆಗಳು ಸಾಲು ಸಾಲಾಗಿ ಬರತೊಡಗಿದವು. ಉಜ್ಜುವ ಮೇಜಿನಲ್ಲಿ ರಾಶಿ ಬಿತ್ತು. ಹೆಂಗಸರು ಬೆರಳಿಗೆ ಬಟ್ಟೆ ಸುತ್ತಿಕೊಂಡರೂ ತುದಿ ಸವೆದು ಕೆಂಪಾಗುತ್ತಿತ್ತು. ನಡುವೆ ಕರೆಂಟು ಎಷ್ಟೋ ಸಲ ಹೋಯಿತು, ಒಂದು ಪೆಟ್ಟಿಗೆಯೂ ಹಾರಲಿಲ್ಲ. ಗೋಡೆಯ ಪಕ್ಕದ ತೇಗದ ತುಂಡುಗಳ ಗುಡ್ಡೆ ದಿನದಿನಕ್ಕೂ ಇಳಿಯುತ್ತಾ, ಅದರ ಹಿಂದೆ ಯಾವತ್ತೋ ಸುಣ್ಣ ಬಳಿದಿದ್ದ ಗೋಡೆ ಕಾಣತೊಡಗಿತು. ಎಲ್ಲರೂ ಅತ್ತ ನೋಡುತ್ತಿದ್ದರು. ಒಮ್ಮೆ ಅಕ್ಕನ ಪಕ್ಕ ಕೂರುತ್ತಿದ್ದ ಹೆಂಗಸು ನನ್ನನ್ನು ನೋಡಿ, “ನಿಧಾನಕ್ಕೆ ಬರ್ತಿದ್ದಾಗ್ಲೇ ಚೆನ್ನಾಗಿತ್ತು” ಅಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಬಿಸಿಲು ಜಾಸ್ತಿ ಅಂದ ಹಾಗೆ ಅಂದಳು. ನಾನು ಹೂಂ ಅಂದೆ.

ಕೊನೆಯ ವಾರದಲ್ಲಿ ಮಷೀನು ಕೊಂಡವರ ಕಡೆಯ ಎಂಜಿನಿಯರು ಕೊಯಮತ್ತೂರಿನಿಂದ ಬಂದರು. ತಮಿಳು ಬೆರೆಸಿದ ಕನ್ನಡ, ಮೆಲು ಮಾತು. ಮಷೀನು ಓಡುವುದನ್ನು ನೋಡುತ್ತಾ ಬಹಳ ಹೊತ್ತು ನಿಂತರು. ಫಿಕ್ಸ್ಚರನ್ನು ಬಗ್ಗಿ ನೋಡಿದರು, ರಬ್ಬರು ಮುಟ್ಟಿ ನೋಡಿದರು. “ಇದು ಯಾರು ಮಾಡಿದ್ದು?” ಅಂದರು. ಇಬ್ಬರೂ ಅಂದೆ. ಅವರಲ್ಲೂ ಸಣ್ಣ ಸಾಮಾನುಗಳ ಕೆಲಸವೇ ಇತ್ತಂತೆ, ಮಷೀನಿನ ಜೊತೆಗೆ ಆಪರೇಟರೂ ಬೇಕಿತ್ತಂತೆ.

ಮ್ಯಾನೇಜರು ನನ್ನನ್ನು ಒಬ್ಬನನ್ನೇ ರೂಮಿಗೆ ಕರೆದರು. “ನಿನ್ನನ್ನೇ ಕೇಳ್ತಿದ್ದಾರಪ್ಪ. ಒಬ್ರಿಗೇ ಜಾಗ ಇರೋದು. ಇರೋಕೆ ಮನೆನೂ ಅವರೇ ಕೊಡ್ತಾರಂತೆ. ಏನಂತೀಯ?”

ಎಂಜಿನಿಯರು ನನ್ನನ್ನೇ ನೋಡುತ್ತಿದ್ದರು. ನಾನು ನನ್ನೊಳಗೆ ಹುಡುಕಿದೆ. ಹೋಗಬೇಕು ಅನ್ನಿಸುತ್ತಿರಲಿಲ್ಲ, ಬೇಡ ಅಂತಲೂ ಅನ್ನಿಸುತ್ತಿರಲಿಲ್ಲ. ಕಿಟಕಿಯಾಚೆ ಜೊತೆಗಾರ ಕಾಣುತ್ತಿದ್ದ. ಒಳಗೇನು ನಡೆಯುತ್ತಿದೆ ಅಂತ ಅವನಿಗೆ ಗೊತ್ತಿತ್ತು. ಮಷೀನಿನ ಮೇಲಿನ ಹುಡಿಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದ.

“ಅವನನ್ನ ಕರ್ಕೊಂಡು ಹೋಗಿ ಸಾರ್” ಅಂದೆ. “ಇದೆಲ್ಲ ಅವನಿಗೂ ಬರುತ್ತೆ. ಪ್ರೋಗ್ರಾಂ ನಾನು ಕಲಿಸಿ ಕಳಿಸ್ತೀನಿ.”

ಇದನ್ನು ತ್ಯಾಗ ಅಂದವರಿದ್ದಾರೆ. ಅಲ್ಲ. ಬೇಕು ಅನ್ನಿಸಿದ್ದನ್ನು ಬಿಟ್ಟುಕೊಟ್ಟರೆ ಅದು ತ್ಯಾಗ. ನನಗೆ ಅಷ್ಟು ದಿನದಿಂದ ಏನೂ ಬೇಕು ಅನ್ನಿಸಿರಲಿಲ್ಲ. ಬೇಕೆನ್ನುವವನು ಹೊರಗೇ ನಿಂತಿದ್ದ.

ಮನೆಯಲ್ಲಿ ಹೇಳಿದಾಗ ಹೆಂಡತಿ ನನ್ನನ್ನು ತುಂಬಾ ಹೊತ್ತು ನೋಡಿದಳು. “ನನ್ನ ಒಂದು ಮಾತು ಕೇಳ್ಬೋದಿತ್ತು” ಅಂದಳು. ಕೇಳಬಹುದಿತ್ತು. ಮರುವಾರ ಪಕ್ಕದ ಮಗ್ಗದ ಮನೆಯಲ್ಲಿ ನೂಲು ಸುತ್ತುವ ಕೆಲಸ ಕೇಳಿಕೊಂಡು ಬಂದಳು.

ಉಳಿದ ದಿನಗಳಲ್ಲಿ ಅವನಿಗೆ ಪ್ರೋಗ್ರಾಂ ಹೇಳಿಕೊಟ್ಟೆ. ಅವನು ಪಕ್ಕದಲ್ಲಿ ಕೂತು ಒಂದೊಂದು ಸಾಲಿಗೂ “ಇದ್ಯಾಕೆ?” ಅನ್ನುತ್ತಿದ್ದ. ಸಣ್ಣ ತುಂಡಿಗೆ ಆಳ ಎಷ್ಟು, ಯಾವ ಕಡೆಯಿಂದ ಬ್ಲೇಡು ಒಳಗೆ ಬರಬೇಕು, ಕೊನೆಯ ಸುತ್ತಿನಲ್ಲಿ ಯಾಕೆ ನಿಧಾನ, ಎಲ್ಲ. ಕೊನೆಯ ಪೆಟ್ಟಿಗೆಯನ್ನು ಅವನೇ ಪ್ರೋಗ್ರಾಂ ಹಾಕಿ ಕತ್ತರಿಸಿದ. ಅದೂ ಉಳಿದವುಗಳ ಜೊತೆ ಅಕ್ಕನ ಮೇಜಿಗೆ ಹೋಗಿ, ಅಲ್ಲಿಂದ ರಟ್ಟಿನ ಡಬ್ಬ ಸೇರಿತು. ಯಾವುದು ಕೊನೆಯದು ಅಂತ ಆಮೇಲೆ ಹುಡುಕಿದರೂ ಸಿಗುತ್ತಿರಲಿಲ್ಲ.

ಹೆಂಗಸರ ಲೆಕ್ಕ ಅದೇ ಸಂಜೆ ತೀರಿಸಿದರು. ಅಕ್ಕ ತಲೆಯ ಬಟ್ಟೆ ಕೊಡವಿ, ಮಡಚಿ, ಚೀಲಕ್ಕೆ ಹಾಕಿಕೊಂಡು ನಮ್ಮ ಹತ್ತಿರ ಬಂದರು. ಜೊತೆಗಾರನ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿ ಗಾಯ ನೋಡಿದರು. “ಹುಬ್ಬು ಬರಲ್ಲ ಇಲ್ಲಿ. ಇರ್ಲಿ ಬಿಡು, ನೋಡೋಕೆ ಕಣ್ಣಿದೆಯಲ್ಲ” ಅಂದರು. ನನ್ನ ಕಡೆ ತಿರುಗಿ, “ನೀನು ಎಲ್ಲಾದ್ರೂ ಸೇರ್ಕೋ, ಮನೇಲಿ ಕೂರ್ಬೇಡ” ಅಂದು ಗೇಟಿನತ್ತ ಹೋದರು. ಅವರನ್ನು ನಾನು ಮತ್ತೆ ನೋಡಲಿಲ್ಲ.

ಮಷೀನು ಬಿಚ್ಚಿ ಕಟ್ಟಲು ನಾನೂ ಇದ್ದೆ. ಕೇಬಲ್ಲುಗಳಿಗೆ ಚೀಟಿ ಅಂಟಿಸಿದೆವು, ಜಾರುವ ಕಂಬಿಗಳಿಗೆ ಗ್ರೀಸು ಬಳಿದು ಬಟ್ಟೆ ಸುತ್ತಿದೆವು. ಕ್ರೇನು ಬಂದು ಅದನ್ನು ಲಾರಿಗೆ ಏರಿಸಿತು. ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದೆವು. ಟ್ಯಾಂಕನ್ನೂ ಫಿಕ್ಸ್ಚರುಗಳನ್ನೂ ಗೋಣಿಚೀಲದಲ್ಲಿ ಸುತ್ತಿ ಕೊಟ್ಟೆ. ಮಷೀನು ಇದ್ದ ಜಾಗದಲ್ಲಿ ನೆಲದ ಬಣ್ಣವೇ ಬೇರೆಯಾಗಿತ್ತು.

ಜೊತೆಗಾರ ಡ್ರೈವರನ ಪಕ್ಕ ಹತ್ತಿ ಕೂತ. ಕಾಲಡಿ ಅವನ ಟ್ರಂಕು.

“ಬರ್ತೀನಿ ಕಣೋ.”

“ಹೂಂ.”

ಲಾರಿ ಹೊರಟಿತು. ಗೇಟು ದಾಟುವಾಗ ಅದು ನಿಧಾನವಾಯಿತು. ಆಗ ಇದ್ದಕ್ಕಿದ್ದಂತೆ ನೆನಪಾಯಿತು, ಪಂಪಿನ ಎಣ್ಣೆಯ ವಿಷಯ ಅವನಿಗೆ ಹೇಳಿಯೇ ಇಲ್ಲ. ನಾನು ಓಡಿದೆ. “ಲೇ! ಪಂಪಿನ ಎಣ್ಣೆ! ಬೆಳ್ಳಗೆ ತಿರುಗಿದ್ರೆ ಬದಲಾಯಿಸು! ನೀರು ಸೇರಿರುತ್ತೆ!” ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ “ಏನೋ?” ಅಂದ. ಲಾರಿ ಹೈವೇ ಕಡೆ ತಿರುಗಿತು. ನಾನು ಓಡುವುದನ್ನು ಬಿಡಲಿಲ್ಲ. “ಹಳೇ ಎಣ್ಣೆ ಸುರಿಯೋ ಮುಂಚೆ ಪಂಪು ಬಿಸಿ ಆಗ್ಲಿ! ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕೂಡ್ಲೇ ಲೋಡ್ ಹಾಕ್ಬೇಡ! ಕೇಳಿಸ್ತಾ? ಕೂಡ್ಲೇ ಹಾಕ್ಬೇಡ!”

ಅವನು ಕೈ ಬೀಸಿದ. ಕೇಳಿಸಿತೋ ಇಲ್ಲವೋ. ರಸ್ತೆಯ ಆಚೆ ಟೀ ಅಂಗಡಿಯವನು, ವಾಚ್‌ಮನ್ನು, ಬಸ್ಸಿಗೆ ಕಾಯುತ್ತಿದ್ದವರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗಂಟಲು ಉರಿಯುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಒಂದು ಚಪ್ಪಲಿ ಹಿಂದೆಲ್ಲೋ ಕಳಚಿ ಬಿದ್ದು ಬರಿಗಾಲಿಗೆ ಡಾಂಬರು ಸುಡುತ್ತಿತ್ತು. ಎಷ್ಟು ಸುಡುತ್ತಿತ್ತು ಅಂದರೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆದರೂ ಇನ್ನೊಂದು ಸಲ ಕೂಗಿದೆ.